ಫಾರ್ಮನ್ನು ನಡುವಿನ ಟೇಬಲ್‌ಗೆ ಕಟ್ಟಿ

ಕೇಳುಗರಿಗೆ ನಮಸ್ಕಾರ. ಸಿಂಧನೂರಿನ ರೈತರ ಗುಂಪೊಂದಕ್ಕೆ ರೂಬಿ ಆನ್ ರೇಲ್ಸ್ ಎಂಬ ಚೌಕಟ್ಟಿನಲ್ಲಿ ನೋಂದಣಿಯ ವೆಬ್ ಆ್ಯಪ್ ಬರೆಯಬೇಕಿದೆ ಎಂದುಕೊಳ್ಳಿ. ಒಬ್ಬ ರೈತ ಭತ್ತ, ಹತ್ತಿ, ತೊಗರಿ ಮೂರನ್ನೂ ಬೆಳೆಯುತ್ತಾನೆ. ಭತ್ತವನ್ನು ಊರಿಗೆ ಊರೇ ಬೆಳೆಯುತ್ತದೆ. ಹಾಗಾಗಿ ಡೇಟಾಬೇಸ್‌ನಲ್ಲಿ ರೈತರದ್ದೊಂದು ಟೇಬಲ್, ಬೆಳೆಗಳದ್ದೊಂದು, ಇವೆರಡನ್ನೂ ಬೆಸೆಯಲು ನಡುವೆ ಮೂರನೆಯದು. ಅದನ್ನು 'ಬಿತ್ತನೆ' ಎನ್ನೋಣ. ಎಷ್ಟು ಎಕರೆ, ಯಾವ ವರ್ಷದ ಯಾವ ಹಂಗಾಮು ಎನ್ನುವುದಕ್ಕೆ ರೈತನ ಸಾಲಿನಲ್ಲೂ ಜಾಗವಿಲ್ಲ, ಬೆಳೆಯ ಸಾಲಿನಲ್ಲೂ ಇಲ್ಲ. ಅದು ಬಿತ್ತನೆಗೇ ಸೇರಿದ್ದು.

ರೂಬಿ ಆನ್ ರೇಲ್ಸ್‌ನಲ್ಲಿ 2009ರ 2.3ನೇ ಆವೃತ್ತಿಯಿಂದ ನೆಸ್ಟೆಡ್ ಆಟ್ರಿಬ್ಯೂಟ್ಸ್ ಎಂಬ ಸೌಲಭ್ಯ ಇದೆ. ರೈತನ ಫಾರ್ಮಿನೊಳಗೇ ಬಿತ್ತನೆಯ ಸಾಲುಗಳನ್ನೂ ತುಂಬಿಸಿ, ಎಲ್ಲವನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ, ಅಂದರೆ ಆದರೆ ಎಲ್ಲವೂ ಇಲ್ಲವಾದರೆ ಏನೂ ಇಲ್ಲ ಎನ್ನುವಂತೆ, ಸೇವ್ ಮಾಡಬಹುದು. ಎಡವುವುದು ಮೊದಲ ಹೆಜ್ಜೆಯಲ್ಲೇ: ಬಿತ್ತನೆಯನ್ನು ದಾಟಿ ನೇರ ಬೆಳೆಗೇ ಫಾರ್ಮ್ ಕಟ್ಟುತ್ತಾರೆ. ಆಗ ಯಾರಾದರೂ ಭತ್ತ ಎಂದು ತುಂಬಿದರೆ ಬೆಳೆಗಳ ಟೇಬಲ್‌ನಲ್ಲಿ ಇನ್ನೊಂದು ಭತ್ತ ಹುಟ್ಟಿಕೊಳ್ಳುತ್ತದೆ. ಮೊದಲೇ ಇರುವ ಭತ್ತದ ಐಡಿ ಕಳಿಸಿದಿರೋ, ಅದಿನ್ನೂ ಈ ರೈತನಿಗೆ ಸೇರಿಲ್ಲವಲ್ಲ, 'ರೆಕಾರ್ಡ್ ನಾಟ್ ಫೌಂಡ್' ಎಂದು ಅಲ್ಲೇ ನಿಂತುಬಿಡುತ್ತದೆ. ಆದ್ದರಿಂದ ಫಾರ್ಮನ್ನು ಬಿತ್ತನೆಗೆ ಕಟ್ಟಿ, ಬೆಳೆಯನ್ನು ಪಟ್ಟಿಯಿಂದ ಆರಿಸಲು ಬಿಡಿ. ಎಕರೆ, ಹಂಗಾಮು ಬೇಡವೆಂದರೆ ಇಷ್ಟೆಲ್ಲ ಹೊರೆ ಯಾಕೆ, ಬೆಳೆಗಳ ಚೆಕ್‌ಬಾಕ್ಸ್ ಸಾಕು.

ಇನ್ನು ತಿದ್ದುವ ಪುಟ. ನಿಜವಾದ ಹಾನಿ ಆಗುವುದು ಇಲ್ಲಿ. ಭತ್ತ 4 ಎಕರೆ ಇದ್ದದ್ದನ್ನು 5 ಮಾಡಿ ಸೇವ್ ಒತ್ತುತ್ತೀರಿ. ಹಳೆಯ 4 ಹಾಗೇ ಉಳಿದು 5ರ ಹೊಸ ಸಾಲು ಸೇರುತ್ತದೆ. ಒಟ್ಟು 9 ಎಕರೆ! ಕಾರಣ, ಫಾರ್ಮಿನಿಂದ ಬಂದದ್ದನ್ನು ಸ್ವೀಕರಿಸುವ ಕಂಟ್ರೋಲರ್‌ನಲ್ಲಿ ಅನುಮತಿ ಕೊಟ್ಟ ಪ್ಯಾರಾಮೀಟರ್‌ಗಳಲ್ಲಿ ಬಿತ್ತನೆಯ ಐಡಿ ಬಿಟ್ಟುಹೋಗಿದೆ. ಐಡಿ ಇಲ್ಲದ ಸಾಲು ರೇಲ್ಸ್ ಕಣ್ಣಿಗೆ ಹೊಸ ಸಾಲೇ. ಪರದೆಯ ಮೇಲೆ ಯಾವ ದೋಷವೂ ಕಾಣದು.

ಸಾಲು ಅಳಿಸುವಾಗಲೂ ಅಷ್ಟೇ. ಜಾವಾಸ್ಕ್ರಿಪ್ಟ್‌ನಿಂದ ಪುಟದಲ್ಲಿ ಕಿತ್ತುಹಾಕಿದರೆ ಡೇಟಾಬೇಸ್‌ಗೆ ಸುದ್ದಿಯೇ ಹೋಗುವುದಿಲ್ಲ. ಸಾಲನ್ನು ಕಣ್ಣಿಗೆ ಮರೆಮಾಡಿ, 'ಅಂಡರ್‌ಸ್ಕೋರ್ ಡಿಸ್ಟ್ರಾಯ್' ಎಂಬ ಗುಪ್ತ ಫೀಲ್ಡ್‌ನಲ್ಲಿ 1 ಇಟ್ಟು ಕಳಿಸಿ. ಟೇಬಲ್‌ಗೆ ಸಂಬಂಧಿಸಿದ ಕೋಡ್ ಇರುವ ಮಾಡೆಲ್‌ನಲ್ಲಿ, ಅಳಿಸಲು ಅನುಮತಿ ಕೊಡುವ 'ಅಲೌ ಡಿಸ್ಟ್ರಾಯ್' ಕೂಡ ಬೇಕು.

ಬಿತ್ತನೆಯಲ್ಲಿ ಒಂದೇ ಜೋಡಿ ಎರಡು ಸಲ ಬರದಂತೆ ಡೇಟಾಬೇಸ್‌ನಲ್ಲಿ ಯೂನಿಕ್ ಇಂಡೆಕ್ಸ್ ಎಂಬ ತಡೆ ಹಾಕುವಾಗ ನಮ್ಮ ಸೀಮೆಯ ಬೇಸಾಯವನ್ನು ನೆನೆಯಿರಿ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಸಾಕಷ್ಟು ಬಂದ ವರ್ಷ ಅದೇ ರೈತ ಭತ್ತವನ್ನು ಎರಡು ಸಲ ನಾಟಿ ಮಾಡುತ್ತಾನೆ. ರೈತ, ಬೆಳೆ ಎರಡಕ್ಕೇ ಇಂಡೆಕ್ಸ್ ಹಾಕಿದರೆ ಎರಡನೆಯ ಬೆಳೆ ದಾಖಲಾಗದು. ವರ್ಷ, ಹಂಗಾಮುಗಳನ್ನೂ ಸೇರಿಸಿ. ಮಾಡೆಲ್‌ನ ಯೂನಿಕ್‌ನೆಸ್ ತಪಾಸಣೆಯೊಂದನ್ನೇ ನೆಚ್ಚಬೇಡಿ: ಒಂದೇ ಫಾರ್ಮ್‌ನಲ್ಲಿ ಬಂದ ಎರಡು ಒಂದೇ ಬಗೆಯ ಸಾಲುಗಳು ಇನ್ನೂ ಡೇಟಾಬೇಸ್‌ಗೆ ಇಳಿದಿರುವುದಿಲ್ಲ, ಆದ್ದರಿಂದ ಎರಡೂ ಪಾಸಾಗುತ್ತವೆ. ತಡೆಯುವುದು ಇಂಡೆಕ್ಸ್ ಮಾತ್ರ. ಅದು ತಡೆದಾಗ ಟ್ರಾನ್ಸಾಕ್ಷನ್ ಪೂರ್ತಿ ಹಿಂದೆ ಸರಿಯುತ್ತದೆ. ಆ ದೋಷವನ್ನು ಹಿಡಿದು, ತುಂಬಿದ ಸಾಲುಗಳೊಂದಿಗೇ ಫಾರ್ಮನ್ನು ಮತ್ತೆ ತೋರಿಸಿ. ಆರು ಬೆಳೆಗಳ ವಿವರ ತುಂಬಿದವರನ್ನು ಮತ್ತೆ ಮೊದಲಿನಿಂದ ತುಂಬಿಸಬಾರದು.

ನಮಸ್ಕಾರ.