ಅರ್ಧಚಂದ್ರದ ಗುರುತು

ನನ್ನ ಕವಾಸಾಕಿ ಜೆಡ್1 ಬೈಕಿನ ಸುತ್ತ ಒಂದು ಸುತ್ತು ಬಂದವರೆಲ್ಲ ಕೊನೆಗೆ ಕೇಳುವುದು ಒಂದೇ ಮಾತು: "ಇದು ಒರಿಜಿನಲ್ ಅಲ್ಲವಲ್ಲ?" ಅಲ್ಲ ಸ್ವಾಮಿ, ಅಲ್ಲ. ಕಾರ್ಖಾನೆಯಿಂದ ಹೊರಟಾಗ ನಾಲ್ಕು ಸೈಲೆನ್ಸರ್ ಇದ್ದವು, ಈಗ ಒಂದೇ ಇದೆ. ಮುಂದಿನ ಚಕ್ರಕ್ಕೆ ಒಂದು ಡಿಸ್ಕ್ ಇತ್ತು, ಈಗ ಎರಡಿವೆ. 66 ಮಿ.ಮೀ. ಇದ್ದ ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 70 ಆಗಿ, 903 ಸಿಸಿ ಎಂಜಿನ್ 1015ಕ್ಕೆ ಏರಿದೆ. ಇದ್ಯಾವುದನ್ನೂ ಮಾಡಿದವನು ನಾನಲ್ಲ, ಹಿಂದಿನ ಮಾಲೀಕ.

ಅವನ ಕೆಲಸವನ್ನೆಲ್ಲ ಕಿತ್ತೆಸೆದು ಮೊದಲಿನಂತೆ ಮಾಡಿ ಎಂಬ ಸಲಹೆ ಪುಕ್ಕಟೆಯಾಗಿ ಸಿಗುತ್ತದೆ. ಹಾಗೆ ಮಾಡಿದರೆ ಬೆಲೆ ಹೆಚ್ಚು ಬರುತ್ತದೆ ಎಂಬುದೂ ಗೊತ್ತು. ಆದರೆ ಮೊನ್ನೆ ಮೊನ್ನೆ ತಯಾರಾದ ನಕಲು ಸೈಲೆನ್ಸರ್ ನಾಲ್ಕನ್ನು ತಂದು ಜೋಡಿಸಿದರೆ ಅದು 'ಒರಿಜಿನಲ್', ದಶಕಗಳಿಂದ ಈ ಬೈಕಿನ ಜೊತೆಗೇ ಬಿಸಿಲು ಮಳೆ ಕಂಡ ಕೊಳವೆ ಕಲಬೆರಕೆ! ಈ ಲೆಕ್ಕ ನನ್ನ ತಲೆಗೆ ಹತ್ತುವುದಿಲ್ಲ.

1972ರಲ್ಲಿ ಜೆಡ್1 ಬಂದಾಗ ಅದರ ಎಂಜಿನ್ನಿಗೆ ಇದ್ದ ಕಸುವು ಚೌಕಟ್ಟಿಗೆ ಇರಲಿಲ್ಲ. ವೇಗದ ತಿರುವಿನಲ್ಲಿ ಗಾಡಿ ಓಲಾಡುತ್ತಿತ್ತು. ಹಾಗಾಗಿ ಕೊಂಡವರು ಕೈಯಾಡಿಸದೆ ಇರಲಿಲ್ಲ. ಡಿಸ್ಕನ್ನು ಅದುಮಿ ಹಿಡಿಯುವ ಕ್ಯಾಲಿಪರ್ ಇನ್ನೊಂದನ್ನು ಕೂರಿಸುವ ಕಿವಿಯಂತೂ ಮುಂಚಕ್ರದ ಫೋರ್ಕಿನಲ್ಲಿ ಮೊದಲೇ ಇತ್ತು. ಜಪಾನಿನ ಯೋಶಿಮುರಾ ಸಂಸ್ಥೆಯಂಥವರು ಈ ಎಂಜಿನ್ನನ್ನು ರೇಸಿಗೆ ಹದಗೊಳಿಸುತ್ತಿದ್ದ ಕಾಲ ಅದು. ಅಂದಿನ ಮಾರ್ಪಾಡುಗಳೂ ಈ ಬೈಕಿನ ಚರಿತ್ರೆಯೇ.

ಹಾಗೆಂದು ಹಿಂದಿನವನು ಮಾಡಿದ್ದೆಲ್ಲ ವೇದವಾಕ್ಯವಲ್ಲ. ಇಗೋ, ಈ ಉಕ್ಕಿನ ಬಿಲ್ಲೆಯನ್ನು ನೋಡಿ. ವಾಲ್ವಿನ ಸಡಿಲವನ್ನು 0.05ರಿಂದ 0.10 ಮಿ.ಮೀ. ಒಳಗೆ ಇಡುವ ಶಿಮ್ ಇದು. ಜೆಡ್1ರಲ್ಲಿ ಇದು ಬಕೆಟ್ಟಿನ, ಅಂದರೆ ವಾಲ್ವಿಗೆ ಬೋರಲು ಹಾಕಿದ ಲೋಟದಂಥ ಬಿಡಿಭಾಗದ, ತಲೆಯ ಮೇಲೆ ಕೂರುತ್ತದೆ. ತಿರುಗುತ್ತ ವಾಲ್ವನ್ನು ತೆರೆಯುವ ಮೊಟ್ಟೆಯಾಕಾರದ ಕ್ಯಾಮ್ ನೇರವಾಗಿ ಇದನ್ನೇ ಒತ್ತುತ್ತದೆ. ಮಾಮೂಲಿ ಕ್ಯಾಮ್ ಇದ್ದರೆ ತೊಂದರೆಯಿಲ್ಲ. ವಾಲ್ವನ್ನು ಹೆಚ್ಚು ಎತ್ತುವ ರೇಸಿನ ಕ್ಯಾಮ್ ಹಾಕಿ ಎಂಜಿನ್ನನ್ನು ಜೋರಾಗಿ ಓಡಿಸಿದರೆ, ಅದರ ಮೂತಿ ಬಿಲ್ಲೆಯ ಅಂಚಿಗೆ ತಾಗಿ ಬಿಲ್ಲೆ ಎಗರಿಬಿಡಬಹುದು. ಆಮೇಲೆ ಒಳಗೆ ಏನೇನು ಮುರಿಯುತ್ತದೋ ದೇವರೇ ಬಲ್ಲ. ಅದಕ್ಕೇ ಅಂಥ ಕ್ಯಾಮ್ ಹಾಕುವವರು ಶಿಮ್ಮನ್ನು ಬಕೆಟ್ಟಿನ ಅಡಿಗೆ ಇಳಿಸುತ್ತಾರೆ. ನಮ್ಮ ಪುಣ್ಯಾತ್ಮ ಕ್ಯಾಮ್ ಬದಲಿಸಿದ, ಶಿಮ್ಮನ್ನು ಇದ್ದಲ್ಲೇ ಬಿಟ್ಟ. ಮುಚ್ಚಳ ತೆಗೆದಾಗ ಕಂಡದ್ದು ಅಂಚಿನಲ್ಲಿ ಹೊಳೆಯುವ ಈ ಅರ್ಧಚಂದ್ರ. ಕ್ಯಾಮ್ ಉಳಿಸಿಕೊಂಡೆ, ಬಕೆಟ್ಟುಗಳನ್ನು ಬದಲಿಸಿದೆ.

ಕಾರ್ಬ್ಯುರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ಜೆಟ್ಟುಗಳನ್ನು ಅವನು ಕೈಯಲ್ಲೇ ಕೊರೆದು ದೊಡ್ಡದು ಮಾಡಿದ್ದ. ನಾಲ್ಕೂ ನಾಲ್ಕು ಅಳತೆ. ಒಂದು ಸ್ಪಾರ್ಕ್ ಪ್ಲಗ್ ಸುಣ್ಣದಂತೆ ಬೆಳ್ಳಗೆ, ಪಕ್ಕದ್ದು ಮಸಿ ಮೆತ್ತಿದಂತೆ ಕಪ್ಪು: ಒಂದಕ್ಕೆ ಪೆಟ್ರೋಲ್ ಸಾಲದು, ಇನ್ನೊಂದಕ್ಕೆ ಅತಿಯಾಗಿದೆ. ಜೆಟ್ಟುಗಳನ್ನು ಎಸೆದೆ. ವೈರಿಂಗನ್ನೂ ಎಸೆದೆ, ಅಂಟುಪಟ್ಟಿ ಕರಗಿ ಬೆಲ್ಲದ ಪಾಕವಾಗಿತ್ತು, ಅದರ ಮೇಲೆ ನನಗೆ ಯಾವ ಮಮಕಾರವೂ ಇಲ್ಲ. ಬೆಂಕಿ ಹೊತ್ತಿಸಬಲ್ಲ ಚರಿತ್ರೆ ಯಾರಿಗೆ ಬೇಕು?

ಉಳಿದದ್ದು ಸ್ವಿಂಗ್‌ಆರ್ಮ್. ಹಿಂದಿನ ಚಕ್ರವನ್ನು ಹಿಡಿದಿರುವ ಈ ಜೋಡಿ ತೋಳು ಬಾಗದಿರಲಿ ಎಂದು ಅವನು ಅದರ ಕೆಳಬದಿಗೆ ಒಂದು ಕೊಳವೆ ಬೆಸೆದಿದ್ದಾನೆ. ಬೆಸುಗೆ ನೋಡಲು ಅಂದವಾಗಿಲ್ಲ, ಹುಳು ಹರಿದಂತಿದೆ. ಬಣ್ಣ ಕೆರೆಸಿ, ಬಿರುಕು ತೋರಿಸುವ ದ್ರಾವಣ ಹಚ್ಚಿ ಪರೀಕ್ಷಿಸಿದೆ. ಒಂದು ಗೆರೆಯೂ ಕಾಣಲಿಲ್ಲ. ಅಳೆದು ನೋಡಿದರೆ ಎರಡೂ ತೋಳು ನೇರ. ಬಣ್ಣ ಬಳಿಯುವವರು ಬೆಸುಗೆಯನ್ನು ಉಜ್ಜಿ ನುಣುಪು ಮಾಡಿಕೊಡುತ್ತೇನೆ ಎಂದರು. ಬೇಡ, ಅದರ ಮೇಲೆಯೇ ಬಣ್ಣ ಹಾಕಿ ಎಂದೆ.