ಕಾವಿಗೆ ಕೂತ ಹೇಂಟೆ, ಲೆಕ್ಕ ಇಡುವ ನಾವು

ಕೇಳುಗರಿಗೆಲ್ಲ ನಮಸ್ಕಾರ.

ಕತ್ತಲಾದರೆ ಕೋಳಿಗಳೆಲ್ಲ ಕೂರುವ ಕೋಲು ಹತ್ತಿ ಮಲಗುತ್ತವೆ. ಒಂದು ಹೇಂಟೆ ಮಾತ್ರ ಮೊಟ್ಟೆ ಇಡುವ ಜಾಗದಲ್ಲೇ ಉಳಿದಿದೆ ಅಂದುಕೊಳ್ಳಿ. ಹತ್ತಿರ ಹೋದರೆ ಗರಿ ಕೆದರಿಕೊಂಡು ಗುರ್ ಅನ್ನುತ್ತದೆ. ಕೈ ಹಾಕಿದರೆ ಕುಕ್ಕುತ್ತದೆ. ಎದೆಯ ಗರಿಗಳನ್ನು ತಾನೇ ಕಿತ್ತುಕೊಂಡಿರುತ್ತದೆ, ಮೊಟ್ಟೆಗೆ ನೇರವಾಗಿ ಚರ್ಮ ತಾಗಲಿ ಅಂತ. ಇಷ್ಟು ಕಂಡರೆ ಸಾಕು, ಅದು ಕಾವಿಗೆ ಬಂದಿದೆ.

ಇದರ ಹಿಂದೆ ಇರುವುದು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು. ಅದು ಏರಿದಾಗ ಮೊಟ್ಟೆ ಇಡುವುದು ನಿಲ್ಲುತ್ತದೆ, ಕೂರುವ ಹಟ ಶುರುವಾಗುತ್ತದೆ. ಆ ಹಟಕ್ಕೆ ಮೊಟ್ಟೆಯೇ ಬೇಕು ಅಂತಿಲ್ಲ. ಖಾಲಿ ಹುಲ್ಲಿನ ಮೇಲೆ, ನುಣುಪಾದ ಕಲ್ಲಿನ ಮೇಲೆ, ಬಾತುಕೋಳಿಯ ಮೊಟ್ಟೆಯ ಮೇಲೆ, ಎಲ್ಲಿ ಬೇಕಾದರೂ ಅದೇ ಶ್ರದ್ಧೆಯಿಂದ ಕೂರುತ್ತದೆ. ಕಾವು ಕೊಡುವ ವಿದ್ಯೆಯನ್ನು ನಾವು ಅದಕ್ಕೆ ಕಲಿಸಬೇಕಿಲ್ಲ. ಆದರೆ ಎಷ್ಟು ಮೊಟ್ಟೆ, ಯಾವತ್ತಿನ ಮೊಟ್ಟೆ, ಎಷ್ಟು ದಿನವಾಯಿತು, ಈ ಲೆಕ್ಕ ಅದಕ್ಕೆ ತಿಳಿಯದು. ಆ ಲೆಕ್ಕ ನಾವು ಇಡಬೇಕು. ಮರಿ ಮಾಡಿಸುವುದರಲ್ಲಿ ನಮ್ಮ ಪಾಲಿನ ಕೆಲಸ ಹೆಚ್ಚುಕಡಿಮೆ ಇಷ್ಟೇ.

ಎಲ್ಲ ಜಾತಿಯ ಕೋಳಿಗಳೂ ಹೀಗೆ ಕೂರುವುದಿಲ್ಲ. ವೈಟ್ ಲೆಗಾರ್ನ್ ಥರದ ಮೊಟ್ಟೆ ಕೋಳಿಗಳಲ್ಲಿ ತಲೆಮಾರುಗಳ ಆಯ್ಕೆಯಿಂದ ಈ ಗುಣವನ್ನೇ ತೆಗೆದುಹಾಕಿದ್ದಾರೆ. ಅಸೀಲ್, ಕೊಚಿನ್, ಸಿಲ್ಕಿ ಇವು ಚೆನ್ನಾಗಿ ಕೂರುತ್ತವೆ.

ಕೂತ ದಿನವೇ ಒಳ್ಳೆಯ ಮೊಟ್ಟೆ ಇಡಬೇಡಿ. ಕೆಲವು ಹೇಂಟೆಗಳ ಹಟ ಒಂದೇ ದಿನದ್ದು. ಎರಡು ಮೂರು ರಾತ್ರಿ ಹುಸಿ ಮೊಟ್ಟೆಯ ಮೇಲೆ ಕೂರಿಸಿ ನೋಡಿ. ಅಷ್ಟರಲ್ಲಿ ಜಾಗ ಸಿದ್ಧ ಮಾಡಿಕೊಳ್ಳಬಹುದು. ಜಾಗ ಮಬ್ಬುಗತ್ತಲಿನದ್ದಾಗಿರಲಿ, ನೆಲಮಟ್ಟದಲ್ಲಿರಲಿ, ಇಲಿ ಹಾವು ಬೆಕ್ಕು ನುಗ್ಗದಂತಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಬೇರೆ ಕೋಳಿಗಳು ಅಲ್ಲಿಗೆ ಬರಬಾರದು. ಬಂದರೆ ದಿನಕ್ಕೊಂದು ಹೊಸ ಮೊಟ್ಟೆ ಇಟ್ಟು ಹೋಗುತ್ತವೆ. ಆಗ ಒಂದೊಂದು ಮೊಟ್ಟೆಗೂ ಒಂದೊಂದು ತಾರೀಖು. ಮೊದಲ ಮರಿಗಳು ಬಂದ ಕೂಡಲೇ ತಾಯಿ ಅವುಗಳ ಜೊತೆ ಎದ್ದು ಹೋಗುತ್ತದೆ, ಉಳಿದವು ಅರ್ಧ ಬೆಳೆದು ತಣ್ಣಗಾಗುತ್ತವೆ. ಕೂರಿಸುವ ದಿನವೇ ಪ್ರತಿ ಮೊಟ್ಟೆಯ ಮೇಲೂ ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿ. ಗುರುತಿಲ್ಲದ್ದು ಕಂಡರೆ ಅವತ್ತೇ ತೆಗೆಯಿರಿ. ಹೇಂಟೆಯನ್ನು ಹೊಸ ಜಾಗಕ್ಕೆ ಸಾಗಿಸುವುದು ರಾತ್ರಿ ಕತ್ತಲಲ್ಲೇ. ಹಗಲಿನಲ್ಲಿ ಎತ್ತಿದರೆ ಹಳೆಯ ಜಾಗಕ್ಕೇ ಓಡುತ್ತದೆ.

ಒಂದು ಶತ್ರು ಹಗಲಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಉಣ್ಣಿಯ ಜಾತಿಯ ಸಣ್ಣ ಕೆಂಪು ಹುಳಗಳು ಸಂದುಗೊಂದಿನಲ್ಲಿ ಅಡಗಿದ್ದು, ರಾತ್ರಿ ಬಂದು ರಕ್ತ ಹೀರುತ್ತವೆ. ಕೂತ ಕೋಳಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ, ಅಲ್ವಾ? ಚೆನ್ನಾಗಿ ಕೂತಿದ್ದ ಹೇಂಟೆ ನಡುವೆ ಎದ್ದುಹೋದರೆ ಅದನ್ನು ಬೈಯುವ ಮೊದಲು ಟಾರ್ಚ್ ಹಿಡಿದು ಪೆಟ್ಟಿಗೆಯ ಬಿರುಕುಗಳನ್ನು ನೋಡಿ.

ಈಗ ಮೊಟ್ಟೆಯ ವಿಷಯ. ಹುಂಜದ ಜೊತೆ ಇರುವ ಹೇಂಟೆಯ ಮೊಟ್ಟೆಯೇ ಬೇಕು. ಏಳು ದಿನಕ್ಕಿಂತ ಹಳೆಯದಾಗುತ್ತಾ ಹೋದಂತೆ ಮರಿಯಾಗುವ ಸಾಧ್ಯತೆ ಇಳಿಯುತ್ತದೆ. ತೊಳೆಯಬೇಡಿ, ಚಿಪ್ಪಿನ ಮೇಲಿನ ತೆಳು ಪೊರೆ ರೋಗಾಣುಗಳನ್ನು ತಡೆಯುತ್ತದೆ. ಕೂಡಿಡುವಾಗ ಚೂಪು ತುದಿ ಕೆಳಗಿರಲಿ, ಜಾಗ ತಂಪಾಗಿರಲಿ. ತಂಪು ಯಾಕೆ? ಸುಮಾರು 20 ಡಿಗ್ರಿಗಿಂತ ಕೆಳಗೆ ಒಳಗಿನ ಭ್ರೂಣ ಬೆಳೆಯದೆ ಸುಮ್ನೆ ಕಾಯುತ್ತದೆ. ಸೋಮವಾರದ ಮೊಟ್ಟೆಯೂ ಶನಿವಾರದ ಮೊಟ್ಟೆಯೂ ಒಂದೇ ರಾತ್ರಿ ತಾಯಿಯ ಅಡಿಗೆ ಹೋದರೆ ಎರಡೂ ಒಟ್ಟಿಗೆ ಶುರು ಮಾಡುತ್ತವೆ. ಬಿಸಿ ಜಾಗದಲ್ಲಿಟ್ಟರೆ ಬೆಳವಣಿಗೆ ಅರೆಬರೆ ಶುರುವಾಗಿ ಭ್ರೂಣ ಸಾಯುತ್ತದೆ.

ಎಷ್ಟು ಮೊಟ್ಟೆ ಇಡಬೇಕು? ನಡುಗಾತ್ರದ ಹೇಂಟೆಗೆ ಎಂಟು ಹತ್ತು ಸಾಕು. ಇಲ್ಲಿ ಆಸೆ ಕೆಡಿಸುತ್ತದೆ. ಎರಡು ಜಾಸ್ತಿ ಇಟ್ಟರೆ ಹೋಗುವುದು ಆ ಎರಡೇ ಅಂದುಕೊಳ್ಳುತ್ತೇವೆ. ಹಾಗಾಗುವುದಿಲ್ಲ. ಹೇಂಟೆ ದಿನಕ್ಕೆ ಎಷ್ಟೋ ಸಲ ಕೊಕ್ಕಿನಿಂದ ಮೊಟ್ಟೆಗಳನ್ನು ಹೊರಳಿಸುತ್ತದೆ, ಅಂಚಿನದ್ದನ್ನು ನಡುವಿಗೆ, ನಡುವಿನದ್ದನ್ನು ಅಂಚಿಗೆ ತಳ್ಳುತ್ತದೆ. ಹೊರಗುಳಿಯುವ ಸರದಿ ಒಂದೊಂದಾಗಿ ಎಲ್ಲ ಮೊಟ್ಟೆಗೂ ಬರುತ್ತದೆ. ಒಂದೊಂದು ರಾತ್ರಿಯ ಚಳಿ ಎಲ್ಲವನ್ನೂ ಹಾಳು ಮಾಡಬಹುದು.

ಮೊಟ್ಟೆ ತಾಯಿಯ ಅಡಿಗೆ ಹೋದ ರಾತ್ರಿಯಿಂದ ಮರಿಯಾಗಲು 21 ದಿನ. ಬಾತುಕೋಳಿಯ ಮೊಟ್ಟೆಯಾದರೆ 28. ದಿನಕ್ಕೊಮ್ಮೆ ಹೇಂಟೆ ಇಳಿದು ತಿಂದು, ಕುಡಿದು, ಮಣ್ಣಿನಲ್ಲಿ ಹೊರಳಿ, ಮೂಗು ಮುಚ್ಚಿಕೊಳ್ಳುವಂಥ ಒಂದು ದೊಡ್ಡ ಹಿಕ್ಕೆ ಹಾಕಿ, ಕಾಲು ಅರ್ಧ ಗಂಟೆಯಲ್ಲಿ ವಾಪಸಾಗುತ್ತದೆ. ಆಗ ಮೊಟ್ಟೆ ತಣ್ಣಗಾಯಿತೆಂದು ಗಾಬರಿ ಬೇಡ. ಅಷ್ಟು ಹೊತ್ತಿಗೆ ಏನೂ ಆಗುವುದಿಲ್ಲ. ಹಟಮಾರಿ ಹೇಂಟೆ ಇಳಿಯುವುದೇ ಇಲ್ಲವಾದರೆ ಎತ್ತಿ ಇಳಿಸಿ. ಎತ್ತುವಾಗ ರೆಕ್ಕೆಯ ಸಂದಿಯಲ್ಲಿ ಮೊಟ್ಟೆ ಸಿಕ್ಕಿಕೊಂಡಿದೆಯೇ ನೋಡಿ. ಕಾಳು, ನೀರು ಹತ್ತಿರದಲ್ಲೇ ಇರಲಿ.

ಒಂದು ವಾರ ಹತ್ತು ದಿನವಾದ ಮೇಲೆ ರಾತ್ರಿ ಟಾರ್ಚ್ ಬೆಳಕಿಗೆ ಮೊಟ್ಟೆ ಹಿಡಿದು ನೋಡಿ. ಬೆಳೆಯುತ್ತಿದ್ದರೆ ಜೇಡನ ಕಾಲಿನಂತೆ ಚಾಚಿದ ಕೆಂಪು ನರಗಳು ಕಾಣುತ್ತವೆ. ಏನೂ ಇಲ್ಲದೆ ತಿಳಿಯಾಗಿದ್ದರೆ ಅದು ಬಂಜೆ ಮೊಟ್ಟೆ. ಬರೀ ರಕ್ತದ ಉಂಗುರ ಕಂಡರೆ ಭ್ರೂಣ ಸತ್ತಿದೆ. ಅವನ್ನು ತೆಗೆಯಿರಿ, ಕೊಳೆತ ಮೊಟ್ಟೆ ಒಡೆದರೆ ಉಳಿದವೂ ಕೆಡುತ್ತವೆ. 18ನೇ ದಿನದಿಂದ ಮಾತ್ರ ಕೈ ಹಿಂದಕ್ಕೆ.

ಕೊನೆಯ ದಿನಗಳಲ್ಲಿ ಚಿಪ್ಪಿನೊಳಗಿಂದ ಚಿಂವ್ ಚಿಂವ್ ಕೇಳುತ್ತದೆ, ತಾಯಿ ಮೆಲ್ಲಗೆ ಉತ್ತರ ಕೊಡುತ್ತದೆ. ಚಿಪ್ಪಿಗೆ ಮೊದಲ ತೂತು ಬಿದ್ದ ಮೇಲೆ ಮರಿ ಹೊರಬರಲು ಅರ್ಧ ದಿನ, ಒಂದು ದಿನ ಹಿಡಿಯಬಹುದು. ನೋಡುತ್ತಾ ಕೂತವರಿಗೆ ಕೈ ತುರಿಸುತ್ತದೆ. ಬಿಡಿಸಲು ಹೋಗಬೇಡಿ. ಆ ಹೊತ್ತಿನಲ್ಲಿ ಮರಿ ಪೊರೆಯ ನರಗಳಿಂದ ರಕ್ತವನ್ನೂ ಹೊಟ್ಟೆಯೊಳಗೆ ಹಳದಿಯನ್ನೂ ಎಳೆದುಕೊಳ್ಳುತ್ತಿರುತ್ತದೆ. ಅವಸರದಲ್ಲಿ ಸುಲಿದರೆ ರಕ್ತ ಸುರಿಯುತ್ತದೆ. ಹಾಗೆ ಎಳೆದುಕೊಂಡ ಹಳದಿಯೇ ಮರಿಗೆ ಎರಡು ದಿನದ ಬುತ್ತಿ. ಮೊದಲು ಬಂದ ಮರಿ ಹಸಿದೀತೆಂದು ತಾಯಿಯನ್ನು ಎಬ್ಬಿಸಬೇಕಿಲ್ಲ. ಚೊಚ್ಚಲ ಹೇಂಟೆಯಾದರೆ ಒಂದು ಕಣ್ಣಿಟ್ಟಿರಿ. ಅಪರೂಪಕ್ಕೆ ಗಾಬರಿಯಿಂದ ಮೊದಲ ಮರಿಯನ್ನೇ ಕುಕ್ಕುವುದುಂಟು.

ಕೋಳಿಮೊಟ್ಟೆಯಲ್ಲಿ 24ನೇ ದಿನಕ್ಕೂ ಏನೂ ಆಗದಿದ್ದರೆ ತೆಗೆದುಬಿಡಿ. ಹೇಂಟೆಯನ್ನು ಅದರ ಪಾಡಿಗೆ ಬಿಟ್ಟರೆ ಅದು ಬಡಕಲಾಗುವವರೆಗೂ ಕೂತೇ ಇರಬಹುದು. ಒಂದು ದಿನದ ಮರಿಗಳು ಸಿಕ್ಕಿದರೆ ರಾತ್ರಿ ಮೆಲ್ಲಗೆ ಅದರ ಅಡಿಗೆ ಸೇರಿಸಿ. ಬಹಳಷ್ಟು ಹೇಂಟೆಗಳು ಬೆಳಗ್ಗೆ ಅವನ್ನು ತಮ್ಮವೆಂದೇ ಒಪ್ಪುತ್ತವೆ.

ಮರಿಗಳು ಬಂದ ಮೇಲೆ ತಾಯಿಯ ಕೆಲಸ ನೋಡುವುದೇ ಚೆಂದ. ಕೈಯಲ್ಲಿ ಸಾಕುವವರು ಮೊದಲ ವಾರ ದೀಪ ಹಾಕಿ 32ರಿಂದ 35 ಡಿಗ್ರಿ ಶಾಖ ಕಾಪಾಡಬೇಕು. ಇಲ್ಲಿ ರೆಕ್ಕೆಯೇ ದೀಪ, ವಿದ್ಯುತ್ ಹೋಗುವ ಭಯವಿಲ್ಲ. ಕಾಳು ಕಂಡರೆ ಎತ್ತಿ ಹಾಕಿ ಕರೆಯುತ್ತದೆ, ಹದ್ದಿನ ನೆರಳು ಕಂಡರೆ ಕೂಗಿ ಅಡಗಿಸುತ್ತದೆ. ತಾಯಿಯ ಜೊತೆ ಬೆಳೆದ ಮರಿಗಳು ಮುಂದೆ ಒಂದರ ಗರಿ ಇನ್ನೊಂದು ಕೀಳುವುದೂ ಕಡಿಮೆ.

ಆಹಾರದಲ್ಲಿ ಬಹಳ ಜನ ಎಡವುತ್ತಾರೆ. ಮೊಟ್ಟೆ ಕೋಳಿಯ ಆಹಾರದಲ್ಲಿ ಸುಣ್ಣದ ಅಂಶ ಜಾಸ್ತಿ, ಅದು ಮರಿಗಳ ಮೂತ್ರಪಿಂಡ ಕೆಡಿಸುತ್ತದೆ. ತಾಯಿ ಈಗ ಮೊಟ್ಟೆ ಇಡುತ್ತಿಲ್ಲವಲ್ಲ, ಹಾಗಾಗಿ ಇಬ್ಬರಿಗೂ ಮರಿಗಳ ಆಹಾರವನ್ನೇ ಕೊಡಿ. ನೀರಿನ ತಟ್ಟೆ ಆಳವಿಲ್ಲದ್ದಾಗಿರಲಿ, ಒಳಗೆ ನಾಲ್ಕು ಕಲ್ಲು ಹಾಕಿ, ಮರಿ ಮುಳುಗದಿರಲಿ. ನೆಲ ಒಣಗಿರಲೇಬೇಕು. ಒದ್ದೆ ಹಾಸಿನಲ್ಲಿ ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗ ಹಬ್ಬುತ್ತದೆ, ಮರಿ ಮುದುಡಿ ಕೂತು ರಕ್ತ ಬೆರೆತ ಹಿಕ್ಕೆ ಹಾಕುತ್ತದೆ. ಕಂಡ ದಿನವೇ ಪಶುವೈದ್ಯರ ಹತ್ತಿರ ಹೋಗಿ. ಮನೆಯಲ್ಲಿ ಹುಟ್ಟಿದ ಮರಿಗಳಿಗೆ ತಾನಾಗಿ ಯಾವ ಲಸಿಕೆಯೂ ಸಿಕ್ಕಿರುವುದಿಲ್ಲ. ಯಾವುದು, ಯಾವಾಗ ಅಂತ ಮರಿ ಹುಟ್ಟುವ ಮೊದಲೇ ಕೇಳಿಟ್ಟುಕೊಳ್ಳಿ.

ಐದರಿಂದ ಎಂಟು ವಾರದೊಳಗೆ ಒಂದು ದಿನ ಇದೇ ತಾಯಿ ಹತ್ತಿರ ಬಂದ ಮರಿಗಳನ್ನು ಕುಕ್ಕಿ ಓಡಿಸುತ್ತದೆ. ಪಾಪ ಅನ್ನಿಸುತ್ತದೆ, ಆದರೆ ಅಡ್ಡ ಹೋಗಬೇಡಿ. ಅದು ಮತ್ತೆ ಮೊಟ್ಟೆಗೆ ಬರುತ್ತಿದೆ. ಅಂದಿನಿಂದ ಅದಕ್ಕೆ ಪುಡಿ ಮಾಡಿದ ಕಪ್ಪೆಚಿಪ್ಪನ್ನು ಬೇರೆ ಬಟ್ಟಲಿನಲ್ಲಿ ಇಡಿ, ಮರಿಗಳಿಗೆ ಎಟುಕದ ಎತ್ತರದಲ್ಲಿ.

ನಮಸ್ಕಾರ.