ಕಲ್ಲು ನಮ್ಮಲ್ಲೂ ಇದೆ, ಹಲ್ಲಿ ಮಾತ್ರ ಕೊಂಕಣದ್ದು

[ದೃಶ್ಯ: ಬೀದರ್ ಕೋಟೆಯ ಕಂದಕ]

ಎಲ್ಲರಿಗೂ ಶರಣು. ಕೋಟೆಯ ಈ ಕೆಂಪು ಕಲ್ಲು ನೋಡಿ, ಮೈತುಂಬಾ ತೂತು. ಇದು ಲ್ಯಾಟರೈಟ್. ಲಕ್ಷಾಂತರ ವರ್ಷ ಮಳೆನೀರು ಬಂಡೆಯೊಳಗಿನ ಸಿಲಿಕಾ ತೊಳೆದುಕೊಂಡು ಹೋಗಿದೆ. ಕಬ್ಬಿಣ, ಅಲ್ಯೂಮಿನಿಯಂ ಉಳಿದಿವೆ. ನೌಬಾದಿನ ಸುರಂಗ ಬಾವಿಗೆ ನೀರು ಇಳಿಯುವುದೂ ಇದೇ ಕಲ್ಲಿನ ಮೂಲಕ.

[ದೃಶ್ಯ: ನಕಾಶೆ, ರತ್ನಾಗಿರಿ ಮತ್ತು ಸಿಂಧುದುರ್ಗ]

ಅರಬ್ಬಿ ಸಮುದ್ರದ ಹತ್ತಿರ ಈ ಎರಡು ಜಿಲ್ಲೆಗಳಲ್ಲೂ ಇಂಥದೇ ಕಲ್ಲಿನ ಬಯಲುಗಳಿವೆ. ಅಲ್ಲಿನವರು ಸಡಾ ಅಂತಾರೆ. ಆ ಸಡಾದ ಕಲ್ಲುಗಳ ಕೆಳಗೆ ಒಂದು ಪುಟ್ಟ ಹಲ್ಲಿ ಇರುತ್ತದೆ. ವಿಜ್ಞಾನಿಗಳು ಕರೆಯೋದು ಹೆಮಿಡಾಕ್ಟೈಲಸ್ ಆಲ್ಬೋಫ್ಯಾಸಿಯೇಟಸ್. 1963ರಲ್ಲಿ ಗ್ರ್ಯಾಂಡಿಸನ್ ಮತ್ತು ಸೋಮನ್ ಇದನ್ನು ಮೊದಲು ವಿವರಿಸಿದರು. ಇದರ ನೆಲೆ ಕೊಂಕಣದ ಆ ಪಟ್ಟಿ ಮಾತ್ರ.

ಕಂದು ಮೈ, ಅಡ್ಡಡ್ಡ ಬಿಳಿ ಪಟ್ಟೆ, ದಪ್ಪ ಬಾಲ. ಎಷ್ಟು ಚೆಂದ ಅಲ್ವಾ! ನಮ್ಮ ಮನೆ ಗೋಡೆಯ ಹಲ್ಲಿಯ ಕುಲವೇ, ಆದರೆ ಇದು ನೆಲದ ಜೀವಿ. ರಾತ್ರಿ ಹುಳ ಹಿಡಿಯುತ್ತದೆ. ಹಗಲು ಬಂಡೆ ಕಾದು ಸುಡುವಾಗ ಬಿಡಿ ಕಲ್ಲಿನ ಅಡಿಯ ತಂಪಿನಲ್ಲಿ ಅಡಗುತ್ತದೆ. ಕಲ್ಲು ತೆಗೆದರೆ ಅದಕ್ಕೆ ನೆರಳೇ ಇಲ್ಲ.

ಹಾಗಾದರೆ ಬೀದರಿನ ಕೆಂಪು ಕಲ್ಲಿನಲ್ಲಿ ಯಾಕಿಲ್ಲ? ನಡುವೆ ಸಹ್ಯಾದ್ರಿ ಇದೆ, ಅದು ದಾಟಿದರೆ ಉದ್ದಕ್ಕೂ ಎರೆಭೂಮಿ. ಉತ್ತ ಕರಿ ಹೊಲದಲ್ಲಿ ಅಡಗಲು ಬಿಡಿ ಕಲ್ಲು ಎಲ್ಲಿ ಸಿಗಬೇಕು? ಮಳೆಯೂ ಬೇರೆ. ಅಲ್ಲಿ ಸುರಿಯುವುದಕ್ಕೆ ಹೋಲಿಸಿದರೆ ನಮ್ಮದು ತೀರಾ ಕಡಿಮೆ. ಇವೆರಡೂ ಸೇರಿ ಅದನ್ನು ಅಲ್ಲೇ ಉಳಿಸಿವೆ ಅಂತ ನನಗನಿಸುತ್ತದೆ.

[ದೃಶ್ಯ: ಕಲ್ಲು ಕ್ವಾರಿ, ಮಾವಿನ ತೋಟ]

ಸರ್ಕಾರಿ ಕಾಗದದಲ್ಲಿ ಇಂಥ ಬಯಲು ಸಾಮಾನ್ಯವಾಗಿ ಪಾಳು ಭೂಮಿ. ಹಾಗಾಗಿ ಕ್ವಾರಿಯವರು ಕಲ್ಲು ಕೊಯ್ಯುತ್ತಾರೆ. ಬಂಡೆ ಸಿಡಿಸಿ, ಹೊರಗಿನ ಮಣ್ಣು ತುಂಬಿ ಮಾವು, ಗೇರು ನೆಡುತ್ತಾರೆ. ರೈತರ ಹೊಟ್ಟೆಪಾಡು ನನಗೆ ಅರ್ಥವಾಗುತ್ತದೆ. ಆದರೆ ಈ ಹಲ್ಲಿಗೆ ಇನ್ನೊಂದು ಜಿಲ್ಲೆ ಇಲ್ಲ. ಪುರಾತನ ಕಾಲದ ಜನ ಕೆತ್ತಿದ ಆನೆ, ಮೀನಿನ ದೊಡ್ಡ ಚಿತ್ರಗಳು ಇರುವುದೂ ಇದೇ ಬಯಲುಗಳಲ್ಲಿ. ಅವು 2022ರಿಂದ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿವೆ. ಚಿತ್ರದ ಜೊತೆಗೆ ಸುತ್ತಲಿನ ಬಿಡಿ ಕಲ್ಲುಗಳನ್ನೂ ಕಾಯಬೇಕು.

ನಮ್ಮ ಬೀದರಿನ ಬಯಲಲ್ಲೂ ಸುಮ್ನೆ ಬಿದ್ದಂತೆ ಕಾಣುವ ಕಲ್ಲಿನ ಕೆಳಗೆ ಯಾವುದಾದರೂ ಜೀವಿ ಇರಬಹುದು. ಕೈ ಹಾಕಬೇಡಿ, ಚೇಳು ಹಾವೂ ಇರುತ್ತವೆ. ಹೊರಗೆ ಹಲ್ಲಿ ಕಂಡರೆ ದೂರದಿಂದ ಫೋಟೋ ತೆಗೆದು, ಊರಿನ ಹೆಸರು ಮತ್ತು ದಿನಾಂಕದ ಜೊತೆ, ಯಾರು ಬೇಕಾದರೂ ಕಂಡ ಜೀವಿಗಳನ್ನು ದಾಖಲಿಸಬಹುದಾದ ಐನ್ಯಾಚುರಲಿಸ್ಟ್ ಎಂಬ ಜಾಲತಾಣಕ್ಕೆ ಹಾಕಿ.